ಚೀನೀ ಕಲಾವಿದರ ಪಕ್ಕ ಕೂತು ಚಿತ್ರ ಬರೆಯುವುದು: ಶಾಂತಿನಿಕೇತನಕ್ಕೆ ಹೊರಟವರಿಗೆ

ಶಾಂತಿನಿಕೇತನದಲ್ಲಿ ಟ್ಯಾಗೋರರು ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕೆ ಚೀನಾದಿಂದ ಕಲಾವಿದರು ಬಂದರೆ ಮೊದಲು ಒಂದು ಡೆಮೊ ನಡೆಯುತ್ತದೆ. ಮೇಜಿನ ಮೇಲೆ ಕಾಗದ, ಸುತ್ತ ಮೊಬೈಲ್ ಹಿಡಿದ ಗುಂಪು. ಎರಡು ನಿಮಿಷದಲ್ಲಿ ಬಿದಿರು ಮೂಡುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೋಡಲು ಚೆಂದ, ಆದರೆ ಕೈಗೆ ದಕ್ಕುವುದು ಕಡಿಮೆ. ಮರುದಿನ ಬೆಳಿಗ್ಗೆ ಅವರು ಬಯಲಿಗೆ ಹೊರಡುತ್ತಾರಲ್ಲ, ಆಗ ಜೊತೆಗೆ ಹೋಗಿ. ಅವರು ನೋಡುತ್ತಿರುವ ಮರವನ್ನೇ ನೋಡುತ್ತ, ಪಕ್ಕದಲ್ಲಿ ಕೂತು ನಿಮ್ಮ ಚಿತ್ರ ನೀವು ಬರೆಯಿರಿ. ಧಾರವಾಡ, ಮೈಸೂರಿನ ಕಲಾಶಾಲೆಗಳಿಂದ ಇಲ್ಲಿನ ಕಲಾ ವಿಭಾಗವಾದ ಕಲಾಭವನಕ್ಕೆ ಬರುವ ತಮ್ಮ ತಂಗಿಯರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಹೀಗಾಗಿ ನನಗೆ ತಿಳಿದದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಬಯಲಿಗೆ ಹೊರಡುವ ಮುನ್ನ, ಇಲ್ಲಿನ ಚೀನೀ ಅಧ್ಯಯನ ವಿಭಾಗವಾದ ಚೀನಾ ಭವನದ ಒಳಗೊಮ್ಮೆ ಹೋಗಿ ಬನ್ನಿ. 1937ರಲ್ಲಿ ಟ್ಯಾಗೋರರು ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ಅವರ ಜೊತೆ ಸೇರಿ ಶುರು ಮಾಡಿದ್ದು ಇದು. ಅಲ್ಲಿನ ಗೋಡೆಗಳ ಮೇಲೆ ಕಲಾವಿದ ನಂದಲಾಲ್ ಬೋಸರು ಟ್ಯಾಗೋರರ ನಾಟಕದ ಮೇಲೆ ಬರೆದ ಭಿತ್ತಿಚಿತ್ರ ‘ನಟೀರ್ ಪೂಜಾ’ ಇದೆ, 1942ರಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಬರೆದ ಆಶ್ರಮದ ದಿನನಿತ್ಯದ ಚಿತ್ರವೂ ಇದೆ. ಅದಕ್ಕೆ ಸ್ವಲ್ಪ ಮೊದಲು, 1940ರ ಹೊತ್ತಿಗೆ, ಚೀನಾದ ಹೆಸರಾಂತ ಚಿತ್ರಕಾರ ಶೂ ಬೇಹೋಂಗ್ ಇಲ್ಲಿದ್ದರು. ಟ್ಯಾಗೋರರ ಭಾವಚಿತ್ರವನ್ನೂ ಇಲ್ಲಿಗೆ ಬಂದಿದ್ದ ಗಾಂಧೀಜಿಯ ರೇಖಾಚಿತ್ರವನ್ನೂ ಬರೆದರು. ಬರುವ ಅತಿಥಿಗಳಿಗೆ ಶೂ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ನಿಮಗೂ ಗೊತ್ತಿದ್ದರೆ ಮಾತು ತಾನಾಗಿ ಶುರುವಾಗುತ್ತದೆ. ನಮ್ಮ ಕಡೆಯಿಂದ ಹೇಳಲಿಕ್ಕೂ ಒಂದಿದೆ: ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತಾದಲ್ಲಿ ಇದೇ ನಂದಲಾಲರ ಜೊತೆ ಬಂಗಾಳದ ಕಲಾವಿದ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಆ ಮಂಜನ್ನು ತೋರಿಸಿದರೆ ಚೀನೀ ಕಲಾವಿದರು ಫೋನ್ ಕೈಗೆ ತಗೊಂಡು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ.

ಡಿಸೆಂಬರ್, ಜನವರಿ ಒಳ್ಳೆಯ ಕಾಲ. ನಮ್ಮ ಕಡೆಯ ಲೆಕ್ಕದಲ್ಲಿ ಸಂಜೆ ಆರರ ತನಕ ಬೆಳಕು ಸಿಗುತ್ತದೆ ಅಂದುಕೊಂಡು ಕೂರಬೇಡಿ, ಬಂಗಾಳದಲ್ಲಿ ಐದು, ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ ಬೇಗ ಟೋಟೋ (ಬ್ಯಾಟರಿ ರಿಕ್ಷಾ) ಹಿಡಿದು ಖೋವಾಯಿಗೆ ಹೋಗಿ. ಮಳೆ ನೀರು ಕೊರೆದ ಕೆಂಪು ಜಂಬಿಟ್ಟಿಗೆ ಮಣ್ಣಿನ ಕೊರಕಲುಗಳು, ತಾಳೆಮರಗಳು, ಸೋನಾಝುರಿ ತೋಪು, ಆಚೆ ಕೋಪಾಯಿ ನದಿ. ಶನಿವಾರ ಬೇಡ, ಅಂದು ಅಲ್ಲಿ ಸಂತೆ; ಈಗೀಗ ಬೇರೆ ದಿನಗಳಲ್ಲೂ ಸಂತೆ ಇರುತ್ತದೆ, ಕೇಳಿಕೊಂಡು ಹೋಗಿ. ಆಶ್ರಮದ ಒಳಗೆ ಕೂರುವುದಾದರೆ ವಿಭಾಗದಿಂದ ಮೊದಲೇ ಅನುಮತಿ ತೆಗೆದುಕೊಳ್ಳಿ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಕಾವಲಿನವರು ಕೇಳಿದರೆ ಅದು ಅವರ ಕೆಲಸ.

ಸಾಮಾನಿನ ವಿಷಯ. ನಿಮ್ಮ ಜಲವರ್ಣ, ನಿಮ್ಮ ಹ್ಯಾಂಡ್‌ಮೇಡ್ ಪೇಪರ್ ತಗೊಂಡೇ ಹೋಗಿ. ಚೀನೀ ಕುಂಚ ಕೊಂಡು ಅವರ ಥರ ಬರೆಯಲು ಹೊರಡುವುದು ಬೇಡ. ಅವರಾಗಿ ಒಂದು ಹಾಳೆ ಶುವಾನ್ ಕಾಗದ, ಅಂದರೆ ಮಸಿ ಚಿತ್ರಕ್ಕೆ ಅವರು ಬಳಸುವ ತೆಳು ಚೀನೀ ಕಾಗದ, ಕೊಟ್ಟರೆ, ಅದು ಹಸಿಯದೋ ಬೇಯಿಸಿದ್ದೋ ಎಂದು ಕೇಳಿ, ಅವರು ಹಾಗೇ ಹೇಳುತ್ತಾರೆ. ಬೇಯಿಸಿದ್ದಕ್ಕೆ ಪಟಿಕ ಮತ್ತು ಸರೇಸು ಬಳಿದಿರುತ್ತಾರೆ, ಬಣ್ಣ ಮೇಲೆ ನಿಲ್ಲುತ್ತದೆ. ಹಸಿ ಕಾಗದ ಕುಂಚ ತಾಗಿದ ಕೂಡಲೇ ಹೀರುತ್ತದೆ, ಮಸಿ ಹರಡುತ್ತದೆ. ಒರೆಸಲು, ತಿದ್ದಲು ಬರುವುದಿಲ್ಲ. ಅದರ ಕೆಳಗೆ ಅವರು ಉಣ್ಣೆಯ ಫೆಲ್ಟ್ ಹಾಸುತ್ತಾರೆ. ನಮ್ಮ ಕಂಬಳಿ ಒರಟು, ನೇಯ್ಗೆಯ ಗುರುತು ಮೇಲೆದ್ದು ಬಿಡುತ್ತದೆ. ಹಳೆಯ ನುಣುಪಾದ ಶಾಲು ಮಡಿಸಿ ಹಾಸಿದರೆ ನಡೆಯುತ್ತದೆ. ಗಾಳಿಗೆ ಕಾಗದ ಹಾರದಂತೆ ಅಲ್ಲೇ ಬಿದ್ದ ಕೆಂಪು ಕಲ್ಲು ಇಡಬೇಡಿ, ಬಣ್ಣ ಹತ್ತುತ್ತದೆ. ಇಡುವುದೇ ಆದರೆ ಕರ್ಚೀಫಿನಲ್ಲಿ ಸುತ್ತಿ ಇಡಿ. ನೀರು ಮನೆಯಿಂದಲೇ ಒಯ್ಯಿರಿ, ತೊಳೆಯಲು ಒಂದು, ಬಣ್ಣಕ್ಕೆ ಒಂದು, ಎರಡು ಡಬ್ಬಿ. ಫ್ಲಾಸ್ಕಿನಲ್ಲಿ ಬಿಸಿನೀರು ಬೇರೆ. ಅದು ಕುಡಿಯಲಿಕ್ಕೆ. ಅತಿಥಿಗಳಲ್ಲಿ ಬಹಳ ಜನ ತಣ್ಣೀರು ಕುಡಿಯುವುದಿಲ್ಲ, ಬಿಸಿನೀರು ಕೊಟ್ಟವರನ್ನು ಅವರು ಮರೆಯುವುದಿಲ್ಲ. ಹನ್ನೆರಡರೊಳಗೆ ಊಟದ ಏರ್ಪಾಡೂ ಇರಲಿ.

ಕೂರುವುದು ಅವರ ಎಡಕ್ಕೋ ಬಲಕ್ಕೋ, ಒಂದು ಮಾರು ದೂರದಲ್ಲಿ. ಬೆನ್ನ ಹಿಂದೆ ನಿಲ್ಲಬೇಡಿ. ಎದುರಿಗೆ ನಿಂತರೆ ದೃಶ್ಯವೂ ಬೆಳಕೂ ಎರಡೂ ಮರೆಯಾಗುತ್ತವೆ. ನಿಮ್ಮ ಕಾಗದ ನೆರಳಿನಲ್ಲಿರಲಿ.

ಈಗ ನೋಡಬೇಕಾದ್ದು. ಅವರು ಬಂದ ತಕ್ಷಣ ಬರೆಯಲು ಕೂರುವುದಿಲ್ಲ. ಖೋವಾಯಿಯಲ್ಲಿ ಒಬ್ಬ ಹಿರಿಯರು ತಾಳೆಮರವನ್ನು ಸುತ್ತಿ ಬಂದರು, ಬೊಡ್ಡೆಯ ಬಳೆಗಳ ಮೇಲೆ ಅಂಗೈ ಆಡಿಸಿದರು, ಕೊರಕಲಿಗೆ ಇಳಿದು ಮೇಲಕ್ಕೆ ನೋಡಿದರು. ಆಮೇಲೆ ಕೂತು ಬರೆಯುವಾಗ ಮರದ ಕಡೆ ಕತ್ತೆತ್ತಿದ್ದೇ ಅಪರೂಪ. ನಾವು ಕಲಾಶಾಲೆಯಲ್ಲಿ ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಚಾಚಿ ಅಳತೆ ಹಿಡಿಯುತ್ತೇವೆ. ಎರಡೂ ಸರಿಯಾದ ದಾರಿಗಳೇ. ಆದರೆ ಅವರ ಪಕ್ಕ ಇರುವಾಗ ಅರ್ಧ ಗಂಟೆ ಸುಮ್ಮನೆ ತಿರುಗಾಡಿ ನೋಡಿ, ನಿಮ್ಮ ಜಲವರ್ಣದಲ್ಲೂ ಬೇಡದ್ದು ಎಷ್ಟೋ ತಾನಾಗಿ ಬಿದ್ದು ಹೋಗುತ್ತದೆ.

ಕುಂಚಕ್ಕೆ ಮಸಿ ತುಂಬುವ ಕ್ರಮವನ್ನು ಹತ್ತಿರದಿಂದ ಗಮನಿಸಿ. ಎಲ್ಲವೂ ಅಲ್ಲೇ ನಿರ್ಧಾರವಾಗುತ್ತದೆ. ಮೇಕೆ ಕೂದಲಿನ ದಪ್ಪ ಕುಂಚವನ್ನು ಮೊದಲು ಶುದ್ಧ ನೀರಿನಲ್ಲಿ ಅದ್ದಿ, ತಟ್ಟೆಯ ಅಂಚಿಗೆ ಒತ್ತಿ ಅರ್ಧ ನೀರು ಬಿಡುತ್ತಾರೆ. ತೆಳು ಮಸಿಯನ್ನು ಹೊಟ್ಟೆಯ ತನಕ ಹೀರಿಸುತ್ತಾರೆ. ಕೊನೆಗೆ ತುದಿಯನ್ನಷ್ಟೇ ಗಟ್ಟಿ ಮಸಿಗೆ ಮುಟ್ಟಿಸುತ್ತಾರೆ. ಅಡ್ಡ ಮಲಗಿಸಿ ಎಳೆದರೆ ಒಂದೇ ಎಳೆತದಲ್ಲಿ ಒಂದು ಅಂಚು ಕಪ್ಪು, ಇನ್ನೊಂದು ಅಂಚು ಹೊಗೆ. ಕೊರಕಲಿನ ಒಡಕುಗಳಿಗೆ ಒಣ ಕುಂಚದ ಗೀಚು, ಅದು ಆರಿದ ಮೇಲೆ ಮಸಿ ಬೆರೆಸಿದ ತೆಳು ಕಾವಿ. ನಾವು ಖೋವಾಯಿ ಅಂದ ಕೂಡಲೇ ಬರ್ಂಟ್ ಸಿಯೆನಾ ಎಂಬ ಕೆಂಗಂದು ಬಣ್ಣಕ್ಕೆ ಕೈ ಹಾಕುತ್ತೇವೆ. ಅವರಿಗೆ ಕೆಂಪು ಕೊನೆಯಲ್ಲಿ, ಅದೂ ಚೂರು. ಆಕಾಶಕ್ಕೆ ಬಣ್ಣವೇ ಇಲ್ಲ, ಬಿಟ್ಟ ಕಾಗದವೇ ಆಕಾಶ. ಚಳಿಗಾಲದ ಒಣ ಗಾಳಿಗೆ ಮಸಿ ಬೇಗ ಆರುತ್ತದೆ, ಸಣ್ಣ ಸ್ಪ್ರೇ ಬಾಟಲಿ ಇಟ್ಟುಕೊಂಡಿದ್ದರೆ ಅವರಿಗೂ ಉಪಕಾರ.

ಮಾತಿಗೆ ಚೀನಾ ಭವನದ ವಿದ್ಯಾರ್ಥಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕರೆಯುವಾಗ ಬರೀ ಹೆಸರು ಹಿಡಿಯಬೇಡಿ. ಮನೆತನದ ಹೆಸರಿನ ಜೊತೆ ‘ಲಾವೋಶಿ’ ಸೇರಿಸಿ, ನಾವು ಮೇಷ್ಟ್ರೇ ಅನ್ನುವ ಹಾಗೆ. ಮನೆತನದ ಹೆಸರು ಮೊದಲು ಬರುತ್ತದೆ ಎಂಬುದು ನೆನಪಿರಲಿ. ಅವರ ಕುಂಚವನ್ನಾಗಲಿ, ಸಹಿಗೆ ಒತ್ತುವ ಮುದ್ರೆಯನ್ನಾಗಲಿ ಕೇಳದೆ ಮುಟ್ಟಬಾರದು. ನಿಮ್ಮ ಚಿತ್ರವನ್ನು ಅವರಿಗೆ ತೋರಿಸಿ, ಅದಕ್ಕೇ ಅಲ್ಲವೇ ಪಕ್ಕ ಕೂತದ್ದು. ‘ಚೆನ್ನಾಗಿದೆ’ ಅಂದರೆ ಅಲ್ಲಿಗೇ ಬಿಡಬೇಡಿ, ನೀವಾಗಿದ್ದರೆ ಈ ಚಿತ್ರವನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಕೇಳಿ. ಬೆರಳಿನಿಂದ ತೋರಿಸುತ್ತಾರೆ. ನನ್ನ ಮಟ್ಟಿಗೆ ಇಡೀ ವರ್ಕ್‌ಶಾಪ್‌ನಲ್ಲಿ ಅದಕ್ಕಿಂತ ಬೆಲೆಬಾಳುವ ಪಾಠವಿಲ್ಲ.

ಒಮ್ಮೊಮ್ಮೆ ಮಧ್ಯಾಹ್ನ ಒಂದೇ ಉದ್ದ ಹಾಳೆಯ ಮೇಲೆ ಎಲ್ಲರೂ ಸೇರಿ ಬರೆಯುತ್ತಾರೆ, ಒಬ್ಬರು ಬಂಡೆ, ಇನ್ನೊಬ್ಬರು ಮರ, ಮತ್ತೊಬ್ಬರು ಹಕ್ಕಿ. ನಿಮಗೂ ಕುಂಚ ಚಾಚಿದರೆ ಒಲ್ಲೆ ಅನ್ನಬೇಡಿ. ಒಂದೇ ವಸ್ತು ಬರೆದು ಮುಂದಿನವರಿಗೆ ಜಾಗ ಬಿಟ್ಟು ಏಳಿ. ಕೆಲಸ ಮುಗಿದ ಮೇಲೆ ಕುಂಚ ತೊಳೆಯಲು ಸೋಪು ಬೇಡ. ತಣ್ಣೀರಿನಲ್ಲಿ ಜಾಲಿಸಿ, ತುದಿ ಚೂಪು ಮಾಡಿ, ಕೂದಲು ಕೆಳಗೆ ಬರುವಂತೆ ತೂಗು ಹಾಕಬೇಕು.

ಹೊರಡುವಾಗ ಅವರು ಚಿತ್ರವೊಂದನ್ನು ನಿಮ್ಮ ಹೆಸರು ಬರೆದು ಕೊಡಬಹುದು. ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಬದಲಿಗೆ ನಿಮ್ಮ ಖೋವಾಯಿ ಚಿತ್ರಗಳಲ್ಲಿ ಒಂದನ್ನು ಕೊಡಿ. ಹಸಿ ಶುವಾನ್ ಮೇಲಿನ ಚಿತ್ರ ಸುಕ್ಕುಗಟ್ಟಿರುತ್ತದೆ, ಅದರಿಂದ ಗಾಬರಿ ಬೇಡ. ಮಡಿಸದೆ ಸಡಿಲವಾಗಿ ಸುರುಳಿ ಸುತ್ತಿ, ಪಿವಿಸಿ ಪೈಪಿನ ತುಂಡಿನೊಳಗೆ ಇಟ್ಟು ರೈಲು ಹತ್ತಿ. ಹಿಂದೆ ಇನ್ನೊಂದು ಕಾಗದ ಅಂಟಿಸಿದರೆ ಸುಕ್ಕು ಹೋಗುತ್ತದೆ, ಆದರೆ ಊರಿನ ಫ್ರೇಮ್ ಅಂಗಡಿಯವರಿಗೆ ಫೆವಿಕಾಲ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಬೇಡಿ ಎಂದು ಮೊದಲೇ ಹೇಳಿ. ಗೋಧಿ ಪಿಷ್ಟದ ತೆಳು ಅಂಟು ಬಲ್ಲವರು ಸಿಗುವ ತನಕ ಚಿತ್ರ ಪೈಪಿನಲ್ಲೇ ಇರಲಿ.