ಗಂಜಿ ಬಿಟ್ಟು ತುಪ್ಪಕ್ಕೆ ಬಂದ ಕಥೆ: ನನ್ನ ಅಳತೆ ಟೇಪಿನ ಲೆಕ್ಕ

ನನ್ನ ಎಡ ರಟ್ಟೆಯ ಸುತ್ತಳತೆ ಈಗ 10 ಇಂಚು. ಎರಡು ವರ್ಷದ ಹಿಂದೆ ಎಂಟೂ ಕಾಲು ಇತ್ತು. ತೂಕ 43 ಕಿಲೋದಿಂದ 54ಕ್ಕೆ ಬಂದಿದೆ. "ಜಿಡ್ಡು ಮುಟ್ಟಿದರೆ ಮತ್ತೆ ಆಸ್ಪತ್ರೆ ಸೇರ್ತೀಯ ಕಣೋ" ಅಂತ ಹೆದರಿಸುತ್ತಿದ್ದ ನಮ್ಮಕ್ಕನೇ ಮೊನ್ನೆ ನನ್ನ ತಟ್ಟೆಗೆ ತುಪ್ಪ ಬಡಿಸಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶ್ರೀರಾಮಪುರದಲ್ಲಿ ನನ್ನದು ಟೈಲರ್ ಅಂಗಡಿ. ನನಗಿರೋದು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಜೀರ್ಣರಸ ಕೊಡುವ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಬಹುಕಾಲದ ಉರಿಯೂತದಿಂದ ಕೆಡುವ ಕಾಯಿಲೆ. ಬೆನ್ನಿಗೆ ಚುಚ್ಚುವ ನೋವು, ಕಕ್ಕಸಿನಲ್ಲಿ ಎಷ್ಟು ನೀರು ಹಾಕಿದರೂ ತೇಲುವ ಜಿಡ್ಡು, ಈ ಕಾಯಿಲೆ ಇರುವವರು ಎಲ್ಲ ಕಂಡವರೇ. ಕುಡಿತ ನನಗೆ ಯಾವತ್ತೂ ಇರಲಿಲ್ಲ. ಆದರೂ ಸ್ಕ್ಯಾನ್ ರಿಪೋರ್ಟ್ ನೋಡಿದವರೆಲ್ಲ ಮೊದಲು ಕೇಳಿದ್ದು ಅದನ್ನೇ. ಆ ಮಾತಿನ ನೋವು ಈಗಲೂ ಇದೆ. ಬೀಡಿ ಇತ್ತು. ಅದೂ ಈ ಕಾಯಿಲೆಯನ್ನು ಬೆಳೆಸುತ್ತದೆ ಅಂತ ಗೊತ್ತಾದ ದಿನವೇ ಬಿಟ್ಟೆ.

ಮೊದಲ ವರ್ಷ ಪೂರ್ತಿ ಗಂಜಿ, ಇಡ್ಲಿ, ಒಗ್ಗರಣೆ ಇಲ್ಲದ ತಿಳಿಸಾರು. ಡಿಸ್ಚಾರ್ಜ್ ಚೀಟಿಯಲ್ಲಿ ಕೊಬ್ಬು ಬೇಡ ಅಂತಷ್ಟೇ ಇತ್ತು. ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಂದರೆ ನೋವು ಬರುತ್ತೆ ಅನ್ನೋ ಭಯಕ್ಕೆ ಊಟವೇ ಕಡಿಮೆ ಆಯಿತು. ಸೊಂಟ 34ರಿಂದ 28ಕ್ಕೆ ಇಳಿಯಿತು. ನನ್ನ ಪ್ಯಾಂಟುಗಳನ್ನು ನಾನೇ ಮೂರು ಸಲ ಆಲ್ಟರ್ ಮಾಡಿದೆ. ಸೂಟಿಂಗ್ ಬಟ್ಟೆ ಎರಡು ಮಡಿಕೆ ಹಾಸಿ ದೊಡ್ಡ ಕತ್ತರಿ ಹಿಡಿದರೆ, ಅರ್ಧಕ್ಕೇ ಹೆಬ್ಬೆರಳು ನಡುಗಿ ನಿಲ್ಲುತ್ತಿತ್ತು. ಸಂಜೆ ಮಬ್ಬಿನಲ್ಲಿ ಮೆಟ್ಟಿಲು ಕಾಣುತ್ತಿರಲಿಲ್ಲ. ಬೀದಿ ದೀಪ ಸರಿಯಿಲ್ಲ ಅಂದುಕೊಂಡಿದ್ದೆ. ನೋಡಿದರೆ ವಿಟಮಿನ್ ಎ ಕೊರತೆ. ಎ, ಡಿ, ಇ, ಕೆ ನಾಲ್ಕೂ ಜಿಡ್ಡಿನ ಜೊತೆಯಲ್ಲೇ ಮೈಗೆ ಹತ್ತಬೇಕು. ಜಿಡ್ಡು ಹಾಗೇ ಹೊರಗೆ ಹೋದರೆ ಅವೂ ಹೋದವು. ವಿಟಮಿನ್ ಡಿ ಟೆಸ್ಟ್‌ನಲ್ಲೂ ತುಂಬಾ ಕಡಿಮೆ, 9 ಅಂತ ಏನೋ ಬಂದಿತ್ತು.

ಪ್ಯಾಂಕ್ರಿಯಾಸ್ ಕೊಡದ ಜೀರ್ಣರಸದ ಬದಲಿಗೆ ನುಂಗುವ ಎಂಜೈಮ್ ಕ್ಯಾಪ್ಸೂಲ್ ತಗೊಳ್ಳುತ್ತಿರಲಿಲ್ವಾ ಅಂತ ಕೇಳ್ತೀರಿ. ತಗೊಳ್ಳುತ್ತಿದ್ದೆ. 25,000 ಯೂನಿಟ್‌ನದು ಒಂದಕ್ಕೆ 45 ರೂಪಾಯಿ ಹತ್ತಿರ ಬೀಳುತ್ತಿತ್ತು. ದುಡ್ಡು ಉಳೀಲಿ ಅಂತ ಊಟಕ್ಕೆ ಒಂದೇ, ಅದೂ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಗೆ. ಅದು ಅನ್ನದ ಜೊತೆ ಕಲೆಯದೆ ಸುಮ್ನೆ ವ್ಯರ್ಥ. ಇನ್ನೊಂದು ತಪ್ಪು ತಿಳಿಯೋಕೆ ನಾಲ್ಕು ತಿಂಗಳು ಬೇಕಾಯಿತು. ಡಬ್ಬಿಯನ್ನು ಇಸ್ತ್ರಿ ಟೇಬಲ್ ಕೆಳಗಿನ ಡ್ರಾಯರ್‌ನಲ್ಲಿ ಇಡುತ್ತಿದ್ದೆ. 25 ಡಿಗ್ರಿ ಒಳಗೆ ಇರಬೇಕಾದ ಮಾಲು ದಿನವಿಡೀ ಇಸ್ತ್ರಿ ಕಾವಿನಲ್ಲಿ. ಒಂದು ಮಧ್ಯಾಹ್ನ ಕೈ ಹಾಕಿದರೆ ಕ್ಯಾಪ್ಸೂಲುಗಳು ಬೆಚ್ಚಗಾಗಿ ಒಂದಕ್ಕೊಂದು ಅಂಟಿಕೊಂಡಿವೆ. ನಾಲ್ಕು ಸಾವಿರದ್ದು ಎತ್ತಿ ಬಿಸಾಡಿದೆ. ಈಗ ಅಂಗಡಿಗೆ ಆ ದಿನದ್ದು ಮಾತ್ರ ತರುತ್ತೇನೆ.

ದಾರಿ ತೋರಿಸಿದ್ದು ಜಯನಗರದ ಒಬ್ಬ ಡಯಟೀಷಿಯನ್ ಮೇಡಂ. "ಜಿಡ್ಡು ಬಿಡಬೇಡಿ, ಜಿಡ್ಡಿಗೆ ತಕ್ಕ ಎಂಜೈಮ್ ಹಾಕಿ" ಅಂದರು. ಡಾಕ್ಟರೂ ಒಪ್ಪಿದರು, ಜೊತೆಗೆ ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ ಬರೆದರು. ಊಟಕ್ಕೆ ಎರಡು ಕ್ಯಾಪ್ಸೂಲ್: ಮೊದಲ ತುತ್ತಿಗೆ ಒಂದು, ನಡುವೆ ಇನ್ನೊಂದು. ತಿಂಡಿಗೆ ಒಂದು. ಬೈಟು ಕಾಫಿಗೆ ಬೇಡ ಅಂತ ಬಿಟ್ಟಿದ್ದೆ. ಆದರೆ ಅದರಲ್ಲಿರೋದು ಹಾಲು ತಾನೇ? ನಾಲ್ಕು ಸಲ ಕಾಫಿ ಅಂದರೆ ಲೆಕ್ಕ ತಪ್ಪುತ್ತೆ. ಕಾಫಿ ಎರಡಕ್ಕೆ ಇಳಿಸಿದೆ. ಕ್ಯಾಪ್ಸೂಲನ್ನು ಬಿಸಿ ಕಾಫಿಯಲ್ಲಿ ನುಂಗಬೇಡಿ, ತಣ್ಣೀರಲ್ಲೇ. ತುಪ್ಪ ಒಂದು ಚಮಚದಿಂದ ಶುರು ಮಾಡಿ, ತೇಲೋದು ನಿಂತ ಮೇಲೆ ಎರಡು, ಆಮೇಲೆ ಮೂರು. ತಿಂಗಳಿಗೆ ಕ್ಯಾಪ್ಸೂಲ್‌ಗೇ 10 ಸಾವಿರ. ಮದುವೆ ಮನೆ ಊಟಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ. ನಿಮ್ಮ ಡಾಕ್ಟರ್ ಹತ್ರ ಕೂತು ನಿಮ್ಮದನ್ನು ಮಾಡಿಕೊಳ್ಳಿ.

ಮೂರು ತಿಂಗಳಲ್ಲಿ ನಾಲ್ಕು ಕಿಲೋ ಏರಿತು. ಎಲ್ಲರಿಗೂ ಖುಷಿ. ನನಗೆ ಅನುಮಾನ. ಹೆಗಲಿಗೂ ಮೊಣಕೈಗೂ ನಡುಮಧ್ಯ ಟೈಲರ್ ಚಾಕಿನಲ್ಲಿ ಗೆರೆ ಎಳೆದು, ಟೇಪು ಬಿಗಿಯದೆ ಸುತ್ತಿ ನೋಡಿದರೆ ಕಾಲು ಇಂಚೂ ಏರಿಲ್ಲ. ಮೀನಖಂಡವೂ 11 ಇಂಚಿನಲ್ಲೇ ನಿಂತಿದೆ. ಸೊಂಟ ಮಾತ್ರ ಒಂದೂವರೆ ಇಂಚು ಜಾಸ್ತಿ. ಬಂದಿದ್ದು ಕೊಬ್ಬು, ಮಾಂಸಖಂಡ ಅಲ್ಲ. ತೂಕದ ಯಂತ್ರವನ್ನೇ ನಂಬಿ ಕೂತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಇದೊಂದು ವಿಷಯದಲ್ಲಿ ನನಗೆ ಹೆಮ್ಮೆ ಇದೆ. ಮೇಡಂ ಕೂಡ ಈಗ ತಮ್ಮ ಪೇಷೆಂಟ್‌ಗಳಿಗೆ ಟೇಪು ಹಿಡಿಯುತ್ತಾರೆ.

ಅಲ್ಲಿಂದ ಪ್ರೋಟೀನ್ ಹಿಂದೆ ಬಿದ್ದೆ. ಕಿಲೋಗೆ ಒಂದೂಕಾಲು ಗ್ರಾಂ ಲೆಕ್ಕದಲ್ಲಿ ದಿನಕ್ಕೆ 60ರ ಹತ್ತಿರ. ಮೂರು ಸಾವಿರ ಕೊಟ್ಟು ತಂದ ಪ್ರೋಟೀನ್ ಪುಡಿ ಹೊಟ್ಟೆ ಉಬ್ಬರಿಸಿತು, ಪಕ್ಕದ ಹುಡುಗನಿಗೆ ಕೊಟ್ಟೆ. ಮೂರು ಮೊಟ್ಟೆ, ಪನೀರ್, ಗಟ್ಟಿ ಮೊಸರು, ವಾರಕ್ಕೆರಡು ದಿನ ಮೀನು. ಊಟ ಆರು ಸಲ, ಸ್ವಲ್ಪ ಸ್ವಲ್ಪ. ಅಂಗಡಿ ಮಹಡಿ ಮೆಟ್ಟಿಲು ದಿನಕ್ಕೆ ಹತ್ತು ಸಲ. ಹೆಂಡತಿ ಮಾಡುವ ಒಂದು ಹುರಿಹಿಟ್ಟು ಇದೆ. ಅದರ ಅಳತೆ ಅವಳದ್ದು, ನಾನು ಹೇಳೋ ಹಾಗಿಲ್ಲ.

ಸುಲಭವಾಗಿ ಜೀರ್ಣವಾಗುತ್ತೆ ಅನ್ನೋ ಎಂಸಿಟಿ ಎಣ್ಣೆಯೂ ನೋಡಿದೆ, ಸುಮಾರು 900 ರೂಪಾಯಿ. ವಾಕರಿಕೆ. ತುಪ್ಪಕ್ಕಿಂತ ಹೆಚ್ಚೇನೂ ಕೊಡಲಿಲ್ಲ. ಕಷ್ಟವಾಗಿದ್ದು ಮುದ್ದೆ ಕಡಿಮೆ ಮಾಡೋದು. ರಾಗಿ ಒಳ್ಳೇದೇ, ಆದರೆ ನಾರು ಜಾಸ್ತಿಯಾದರೆ ಎಂಜೈಮ್ ಕೆಲಸಕ್ಕೆ ಅಡ್ಡ, ಹೊಟ್ಟೆಯೂ ಬೇಗ ತುಂಬುತ್ತೆ. ರಾತ್ರಿ ಎರಡು ಮುದ್ದೆ ಇದ್ದಿದ್ದು ಅರ್ಧ ಆಯಿತು. ಅವರೆಕಾಯಿ ಕಾಲದಲ್ಲಿ ಇಡೀ ಕಾಳು ತಿಂದು ಎರಡು ದಿನ ನರಳಿದೆ. ಅದೇ ಹಿತಕಿದ ಬೇಳೆ ಸಾರು ಮಾಡಿದರೆ ಏನೂ ಆಗಲಿಲ್ಲ. ಸಿಪ್ಪೆ ಹೋಗಿರುತ್ತಲ್ವಾ.

ಈಗ ಸಕ್ಕರೆ ಕಾಯಿಲೆಯೂ ಸೇರಿದೆ, ಪ್ಯಾಂಕ್ರಿಯಾಸ್‌ನಿಂದಲೇ ಬಂದಿದ್ದು. ಇನ್ಸುಲಿನ್ ತಗೊಂಡು ಊಟ ತಪ್ಪಿಸಿದ ಒಂದು ದಿನ ಸಕ್ಕರೆ 50ಕ್ಕೆ ಇಳಿದು ಮೆಷಿನ್ ಮೇಲೇ ತಲೆ ಇಟ್ಟಿದ್ದೆ. ಆವತ್ತಿನಿಂದ ದಾರದ ಉಂಡೆಗಳ ಪಕ್ಕ ಗ್ಲೂಕೋಸ್ ಪೊಟ್ಟಣ ಇರುತ್ತೆ. ಮುಂದಿನ ತಿಂಗಳು ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಇದೆ. ರಿಪೋರ್ಟ್ ಬಂದ ಮೇಲೆ ಅದನ್ನೂ ಬರೆಯುತ್ತೇನೆ.