ಅಪಾರ್ಟ್‌ಮೆಂಟ್‌ನಲ್ಲಿ ಬಾರ್ಬೆಕ್ಯೂ: ಇದ್ದಿಲು ಹೊತ್ತಿಸುವ ಮುನ್ನ

ಚಳಿಗಾಲದ ಸಂಜೆ, ನಾಲ್ಕಾರು ಸ್ನೇಹಿತರು, ಕೆಂಡದ ಮೇಲೆ ಸುಡುವ ಜೋಳದ ತೆನೆ, ಪನೀರ್, ಚಿಕನ್. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿರುವ ಬಹಳ ಜನಕ್ಕೆ ಈ ಆಸೆ ಇದೆ. ಗ್ರಿಲ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಇದ್ದಿಲೂ ಸಿಗುತ್ತದೆ. ಆದರೆ ಅದನ್ನು ಎಲ್ಲಿ ಹೊತ್ತಿಸಬಹುದು, ಯಾರನ್ನು ಕೇಳಬೇಕು? ಒಂಟಿ ಮನೆಯಲ್ಲಾದರೆ ಅಂಗಳ ನಿಮ್ಮದೇ. ಇಲ್ಲಿ ಕೆಳಗೆ ಒಂದು ಸಂಸಾರ, ಮೇಲೆ ಒಂದು ಸಂಸಾರ. ನಿಮ್ಮ ಮನೆಯ ಬೆಂಕಿ ಅವರಿಗೂ ಸಂಬಂಧಪಟ್ಟ ವಿಷಯ.

ಮೊದಲು ಬೈಲಾ ನೋಡಿ

ಕರ್ನಾಟಕದ ಅನೇಕ ಅಪಾರ್ಟ್‌ಮೆಂಟ್‌ಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನಡೆಯುತ್ತವೆ. ಇವುಗಳಿಗೆ ಎರಡು ಮುಖ್ಯ ಕಾಗದ ಇರುತ್ತವೆ: ಯಾವ ಜಾಗ ಯಾರದು ಅನ್ನುವ ಘೋಷಣಾ ಪತ್ರ, ಅಂದರೆ ಡೀಡ್ ಆಫ್ ಡಿಕ್ಲರೇಷನ್, ಮತ್ತು ಸಂಘದ ನಿಯಮಗಳಿರುವ ಬೈಲಾ. ಡಿಕ್ಲರೇಷನ್‌ನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಕಟ್ಟಡದ ಚಾವಣಿ, ಮೆಟ್ಟಿಲು, ಕಾರಿಡಾರ್, ತೋಟ ಎಲ್ಲವೂ ಎಲ್ಲರಿಗೂ ಸೇರಿದ ಜಾಗ. ಹಾಗಾಗಿ ‘ಟೆರೇಸ್ ಖಾಲಿ ಇದೆ, ಸುಮ್ನೆ ಹೋಗಿ ಮಾಡೋಣ’ ಅನ್ನುವ ಹಾಗಿಲ್ಲ. ಮೇಲಿನ ಮಹಡಿಯಲ್ಲಿದ್ದೀರಿ ಅಂದ ಮಾತ್ರಕ್ಕೆ ಟೆರೇಸ್ ನಿಮ್ಮದಾಗುವುದಿಲ್ಲ.

ಬೈಲಾದಲ್ಲಿ ‘ಬಾರ್ಬೆಕ್ಯೂ’ ಅನ್ನೋ ಪದವನ್ನೇ ಹುಡುಕಬೇಡಿ. ಬೆಂಕಿ, ಹೊಗೆ, ನೆರೆಯವರಿಗೆ ತೊಂದರೆ, ಸಾಮಾನ್ಯ ಜಾಗದ ಬಳಕೆ ಅನ್ನುವ ಮಾತುಗಳು ಎಲ್ಲೆಲ್ಲಿ ಬರುತ್ತವೆ ನೋಡಿ. ಬಾಡಿಗೆಗಿದ್ದರೆ ಕರಾರುಪತ್ರವನ್ನೂ ಓದಿ, ಓನರ್‌ಗೂ ಒಂದು ಮಾತು ತಿಳಿಸಿ. ಏನೂ ಬರೆದಿಲ್ಲದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಕಮಿಟಿಗೆ ಇಮೇಲ್ ಮಾಡಿ, ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಸೆಕ್ಯುರಿಟಿಯವರ ಹತ್ತಿರ ಬಾಯಿಮಾತಲ್ಲಿ ಕೇಳಿ ಶುರು ಮಾಡಿದರೆ, ಆಮೇಲೆ ಬೈಗುಳ ತಿನ್ನುವವರು ಆ ಪಾಪದ ಮನುಷ್ಯನೇ.

ಬಾಲ್ಕನಿ ಬೇಡವೇ ಬೇಡ

ನಮ್ಮ ಕಟ್ಟಡ ಕಾಂಕ್ರೀಟಿನದು, ಹತ್ತಿಕೊಳ್ಳುವುದಿಲ್ಲ ಅನ್ನುವವರಿದ್ದಾರೆ. ಕಾಂಕ್ರೀಟ್ ಹತ್ತಿಕೊಳ್ಳಲ್ಲ, ನಿಜ. ಆದರೆ ನಿಮ್ಮ ಬಾಲ್ಕನಿಯನ್ನು ಒಮ್ಮೆ ನಿಂತು ನೋಡಿ. ಪಾರಿವಾಳ ಬರದಂತೆ ಕಟ್ಟಿದ ನೈಲಾನ್ ಬಲೆ. ಮೇಲೆ ಹಗ್ಗದಲ್ಲಿ ಒಣಗುವ ಬಟ್ಟೆ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಬಿಸಿಲಿಗೆ ಬಿದಿರಿನ ಪರದೆ, ಮೂಲೆಯಲ್ಲಿ ಹಳೇ ಪೇಪರ್ ಕಟ್ಟು. ಇಷ್ಟರಲ್ಲಿ ಒಂದೇ ಒಂದು ಕಿಡಿ ಸಾಕು. ನೈಲಾನ್ ಬಲೆ ಬರೀ ಉರಿಯುವುದಿಲ್ಲ, ಕರಗಿ ತೊಟ್ಟಿಕ್ಕುತ್ತದೆ. ಆ ಬಿಸಿ ಹನಿ ಕೆಳಗಿನ ಮನೆಯ ಬಾಲ್ಕನಿಗೆ ಬೀಳುತ್ತದೆ.

ಅಮೆರಿಕದ ಅನೇಕ ರಾಜ್ಯಗಳು ಬಳಸುವ ಇಂಟರ್‌ನ್ಯಾಷನಲ್ ಫೈರ್ ಕೋಡ್ ಇದನ್ನು ನೇರವಾಗಿ ಹೇಳುತ್ತದೆ. ಉರಿಯಬಲ್ಲ ವಸ್ತುವಿನಿಂದ ಕಟ್ಟಿದ ಬಾಲ್ಕನಿಯಲ್ಲಾಗಲಿ, ಅಂಥ ಕಟ್ಟಡದಿಂದ 10 ಅಡಿಯೊಳಗಾಗಲಿ ಇದ್ದಿಲಿನ ಗ್ರಿಲ್ ಹೊತ್ತಿಸುವಂತಿಲ್ಲ. ಒಂದೆರಡು ಸಂಸಾರದ ಮನೆಗಳಿಗೆ, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರುವ ಕಟ್ಟಡಗಳಿಗೆ ವಿನಾಯಿತಿ ಇದೆ. ಆದರೂ ಆಯಾ ಊರಿನ ಮತ್ತು ಲೀಸ್‌ನ (ಅಲ್ಲಿನ ಬಾಡಿಗೆ ಕರಾರಿನ) ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. ಅಲ್ಲಿ ಅಪಾರ್ಟ್‌ಮೆಂಟ್‌ನಲ್ಲಿರುವ ನಮ್ಮ ಕನ್ನಡದ ಮಕ್ಕಳು ಗ್ರಿಲ್ ಕೊಳ್ಳುವ ಮೊದಲು ಲೀಸ್ ತೆಗೆದು ನೋಡಬೇಕು. ಈ 10 ಅಡಿಯ ಲೆಕ್ಕವನ್ನು ನಾವೂ ಧಾರಾಳವಾಗಿ ಎರವಲು ತರಬಹುದು ಅನ್ನೋದು ನನ್ನ ಅಭಿಪ್ರಾಯ.

ಮಳೆ ಬಂತು, ಗಾಳಿ ಬಂತು ಅಂತ ಗ್ರಿಲ್ ಅನ್ನು ಒಳಗೆ ತರುವುದು ಇನ್ನೂ ಅಪಾಯ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜು ಮುಚ್ಚಿದ ಬಾಲ್ಕನಿಯೂ ಕೋಣೆಯೇ. ತಲೆನೋವು, ವಾಕರಿಕೆ ಶುರುವಾಗುವ ಹೊತ್ತಿಗೆ ಆ ಗಾಳಿ ಆಗಲೇ ಮೈಗೆ ಸೇರಿರುತ್ತದೆ. ಜೀವ ಹೋದ ಉದಾಹರಣೆಗಳೂ ಇವೆ.

ಜಾಗ ಆರಿಸುವುದು

ಎಲ್ಲಕ್ಕಿಂತ ಒಳ್ಳೆಯದು ನೆಲದ ಮೇಲಿನ ಬಯಲು ಜಾಗ. ಗೋಡೆ, ಮರದ ಕೊಂಬೆ, ನಿಲ್ಲಿಸಿದ ಗಾಡಿ, ಯಾರದೋ ಕಿಟಕಿ, ಎಲ್ಲದರಿಂದಲೂ ಕನಿಷ್ಠ 10 ಅಡಿ ದೂರ. ಅಗ್ನಿಶಾಮಕದ ವಾಹನ ಬರುವ ದಾರಿಗೆ ಅಡ್ಡ ಇಡಬಾರದು. ಬೇಸ್‌ಮೆಂಟ್, ಕ್ಲಬ್‌ಹೌಸ್‌ನಂಥ ಸೂರಿನ ಕೆಳಗೆ ಬೇಡ. ಸಾಮಾನ್ಯ ಸ್ಪ್ರಿಂಕ್ಲರ್‌ನಲ್ಲಿರುವ ಕೆಂಪು ಗಾಜಿನ ಬುರುಡೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಗ್ರಿಲ್‌ನ ಬಿಸಿಗೇ ಅದು ಒಡೆದು ನೀರು ಸುರಿಯಬಹುದು.

ಟೆರೇಸ್‌ಗೆ ಕಮಿಟಿ ಒಪ್ಪಿದರೂ ಅಲ್ಲಿ ಏನೇನಿದೆ ನೋಡಿ. ಸೋಲಾರ್ ಪೈಪು, ಪ್ಲಾಸ್ಟಿಕ್ ಟ್ಯಾಂಕು, ಇಂಟರ್ನೆಟ್ ಕೇಬಲ್ಲು. ನೆಲಕ್ಕೆ ಹಾಕಿದ ವಾಟರ್‌ಪ್ರೂಫಿಂಗ್ ಬಿಸಿಗೆ ಕೆಡುತ್ತದೆ. ಅದು ಸೋರಲು ಶುರುವಾದರೆ ದುರಸ್ತಿ ಖರ್ಚು ಎಲ್ಲರ ಮೇಲೆ. ಗ್ರಿಲ್ ಕೆಳಗೆ ಇಟ್ಟಿಗೆ ಅಥವಾ ಕಲ್ಲಿನ ಚಪ್ಪಡಿ ಹಾಸಿ. ಗಾಳಿ ಜೋರಾಗಿದ್ದರೆ ಅವತ್ತು ಬಿಟ್ಟುಬಿಡಿ.

ಯಾವ ಗ್ರಿಲ್?

ಅಪಾರ್ಟ್‌ಮೆಂಟಿಗೆ ಕರೆಂಟಿನ ಗ್ರಿಲ್ಲೇ ವಾಸಿ. ಕಿಡಿ ಇಲ್ಲ, ಬೂದಿ ಇಲ್ಲ. 2000 ವ್ಯಾಟ್‌ನದ್ದಾದರೆ 16 ಆಂಪ್ಸ್‌ನ ದೊಡ್ಡ ಸಾಕೆಟ್‌ಗೆ ಹಾಕಿ. 6 ಆಂಪ್ಸ್‌ನ ಸಣ್ಣ ಸಾಕೆಟ್ ಹೆಚ್ಚೆಂದರೆ 1380 ವ್ಯಾಟ್ ತಡೆಯುತ್ತದೆ. ತೆಳು ಎಕ್ಸ್‌ಟೆನ್ಷನ್ ಬಾಕ್ಸ್ ಬಿಸಿಯಾಗಿ ಸುಟ್ಟುಹೋಗುತ್ತದೆ.

ಗ್ಯಾಸ್ ಗ್ರಿಲ್‌ಗೆ ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಹೊತ್ತುಕೊಂಡು ಹೋಗಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಿ ಚದುರುವುದಿಲ್ಲ, ತಗ್ಗಿನಲ್ಲಿ ನಿಲ್ಲುತ್ತದೆ. ಬೇಸ್‌ಮೆಂಟ್ ಇರುವ ಕಟ್ಟಡದಲ್ಲಿ ಇದನ್ನು ಮರೆಯಲೇಬಾರದು. ಇದ್ದಿಲು ಹೊತ್ತಿಸಲು ಪೆಟ್ರೋಲ್, ಸ್ಯಾನಿಟೈಸರ್ ಸುರಿಯುವುದಂತೂ ಆಗಲೇಬಾರದು.

ನೆರೆಯವರಿಗೆ ತಿಳಿಸಿ

ಎರಡು ದಿನ ಮುಂಚೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೀಗೆ ಹಾಕಿ: ‘ಶನಿವಾರ ಸಂಜೆ 6ರಿಂದ 9ರವರೆಗೆ ಹಿಂದಿನ ಲಾನ್‌ನಲ್ಲಿ ಬಾರ್ಬೆಕ್ಯೂ ಮಾಡುತ್ತೇವೆ. ಕಮಿಟಿಯ ಒಪ್ಪಿಗೆ ಇದೆ. ಯಾರಿಗಾದರೂ ಉಬ್ಬಸ ಇದ್ದರೆ, ಮನೆಯಲ್ಲಿ ಹಸುಗೂಸು ಇದ್ದರೆ ದಯವಿಟ್ಟು ಹೇಳಿ, ಜಾಗ ಬದಲಾಯಿಸುತ್ತೇವೆ.’ ಹೇಳಿದವರಿಗೆ ಬದಲಾಯಿಸಿಯೂ ಕೊಡಿ. ಕೆಳಗಿನ ಒಂದೆರಡು ಮಹಡಿಯ ಹಿರಿಯರನ್ನು ಖುದ್ದಾಗಿ ಕಂಡು ಹೇಳಿದರೆ ಇನ್ನೂ ಚೆನ್ನ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ತಡೆ ಇದೆ. ಹಾಡು ಅಷ್ಟರೊಳಗೆ ಮುಗಿಯಲಿ.

ಇಲ್ಲಿ ಕಮಿಟಿಯವರಿಗೂ ಒಂದು ಮಾತು. ನಿಯಮ ಬೇಕಾದದ್ದು ಹೊಗೆಗೆ, ಕೆಂಡಕ್ಕೆ, ಜಾಗಕ್ಕೆ, ಸಮಯಕ್ಕೆ. ತಟ್ಟೆಯಲ್ಲಿ ಏನಿದೆ ಅನ್ನುವುದಕ್ಕಲ್ಲ. ಪನೀರ್‌ಗೆ ಒಂದು ನಿಯಮ, ಕಬಾಬ್‌ಗೆ ಇನ್ನೊಂದು ಅಂತ ಮಾಡಿದರೆ ಅದು ಸುರಕ್ಷತೆಯ ವಿಷಯವಾಗಿ ಉಳಿಯುವುದಿಲ್ಲ. ಜನ ಕದ್ದುಮುಚ್ಚಿ ಬಾಲ್ಕನಿಯಲ್ಲಿ ಹೊತ್ತಿಸಲು ಶುರು ಮಾಡುತ್ತಾರೆ. ಅದರ ಬದಲು ಕ್ಯಾಂಪಸ್‌ನಲ್ಲಿ ಒಂದು ಜಾಗ ಗುರುತಿಸಿ, ಕಲ್ಲು ಹಾಸಿ, ನೀರಿನ ನಲ್ಲಿ ಹಾಕಿಸಿ, ಬುಕಿಂಗ್‌ಗೆ ಒಂದು ರಿಜಿಸ್ಟರ್ ಇಡಿ. ಈ ತೀರ್ಮಾನವನ್ನು ಸಾಮಾನ್ಯ ಸಭೆಯಲ್ಲಿ ಎಲ್ಲರ ಮುಂದೆ ಮಾಡಿ.

ಹೊತ್ತಿಸಿದ ಮೇಲೆ, ಆರಿಸಿದ ಮೇಲೆ

ಪಕ್ಕದಲ್ಲಿ ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು, ಬೆಂಕಿ ಆರಿಸುವ ಒಂದು ಎಬಿಸಿ ಪೌಡರ್ ಸಿಲಿಂಡರ್ ಇರಲಿ. ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ. ಮಕ್ಕಳು ಓಡಾಡುವ ಕಡೆ ಒಬ್ಬ ದೊಡ್ಡವರು ಗ್ರಿಲ್ ಬಿಟ್ಟು ಕದಲಬಾರದು. ಕೈಮೀರಿದರೆ 112 ಅಥವಾ 101ಕ್ಕೆ ಕರೆ ಮಾಡಿ, ಲಿಫ್ಟ್ ಬಳಸಬೇಡಿ.

ಜಾಸ್ತಿ ಜನ ಎಡವುವುದು ಊಟ ಮುಗಿದ ಮೇಲೆ. ಬೂದಿ ತಣ್ಣಗಿದ್ದಂತೆ ಕಂಡರೂ ಒಳಗೆ ಕೆಂಡ ಮರುದಿನದವರೆಗೂ ಜೀವಂತ ಇರಬಹುದು. ಅದನ್ನು ಪ್ಲಾಸ್ಟಿಕ್ ಡಸ್ಟ್‌ಬಿನ್‌ಗೋ ಮಹಡಿಯಿಂದ ಕಸ ಕೆಳಗೆ ಬೀಳಿಸುವ ಕೊಳವೆಗೋ (ಕಸದ ಶೂಟ್) ಸುರಿದರೆ ನಡುರಾತ್ರಿ ಹೊತ್ತಿಕೊಳ್ಳುತ್ತದೆ. ನೀರು ಚಿಮುಕಿಸಿ, ಕಡ್ಡಿಯಿಂದ ಕೆದಕಿ, ಮತ್ತೆ ನೀರು ಹಾಕಿ. ಆಮೇಲೆ ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಬಯಲಿನಲ್ಲೇ ಎರಡು ದಿನ ಇಡಿ. ಡಬ್ಬಿಯ ಮೇಲೆ ‘ಬಿಸಿ ಬೂದಿ, ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿ. ಬೆಳಿಗ್ಗೆ ಕಸ ತೆಗೆಯಲು ಬರುವ ಹೌಸ್‌ಕೀಪಿಂಗ್‌ನವರಿಗೆ ಆ ವಿಷಯವನ್ನು ಬಾಯಲ್ಲೂ ಹೇಳಿ.