ಕಾಡ್ಗಿಚ್ಚು ಆರಿಸಲು ಹೊರಡುವ ಮುನ್ನ ಮೈ ಸಜ್ಜು ಮಾಡಿಕೊಳ್ಳುವುದು ಹೇಗೆ?

ಫೆಬ್ರುವರಿ ಬಂತೆಂದರೆ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನ ಹುಲ್ಲು ಒಣಗಿ ನಿಲ್ಲುತ್ತದೆ. ಗುಡ್ಡದಲ್ಲಿ ಹೊಗೆ ಕಂಡ ಕೂಡಲೇ ಹಸಿ ಸೊಪ್ಪಿನ ರೆಂಬೆ ಹಿಡಿದು ಅರಣ್ಯ ಸಿಬ್ಬಂದಿಯ ಹಿಂದೆ ಓಡುವ ಯುವಕರ ಧೈರ್ಯಕ್ಕೆ ಎರಡು ಮಾತಿಲ್ಲ. ನನಗೆ ಆತಂಕವಿರುವುದು ಅವರ ಎದೆಯ ಬಗ್ಗೆ. ಅಮೆರಿಕದ ಅಗ್ನಿಶಾಮಕರಲ್ಲಿ ಬಹುಪಾಲು ಸ್ವಯಂಸೇವಕರೇ. ಅಲ್ಲಿ ಕರ್ತವ್ಯದ ವೇಳೆ ಆಗುವ ಸಾವುಗಳಲ್ಲಿ ಸುಟ್ಟಗಾಯಕ್ಕಿಂತ ಹೃದಯದ ತೊಂದರೆಯದ್ದೇ ದೊಡ್ಡ ಪಾಲು.

ಹಾಗಾಗಿ ಮೊದಲ ಹೆಜ್ಜೆ ಜಿಮ್‌ಗಲ್ಲ, ವೈದ್ಯರ ಬಳಿಗೆ. ಬಿಪಿ, ಶುಗರ್, ಇಸಿಜಿ ಮಾಡಿಸಿ. ನಲವತ್ತು ದಾಟಿದವರು, ಮನೆತನದಲ್ಲಿ ಹೃದ್ರೋಗ ಇರುವವರು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಕೇಳಿ. ಆಸ್ತಮಾ, ಮೂರ್ಛೆರೋಗ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ.

ಎರಡನೆಯದು, ಗುರಿ. ಅಮೆರಿಕದ ಕಾಡ್ಗಿಚ್ಚು ತಂಡಗಳಿಗೆ ಒಂದು ನಡಿಗೆ ಪರೀಕ್ಷೆ ಇದೆ: ಬೆನ್ನಿಗೆ 20.4 ಕೆ.ಜಿ. ಹೊತ್ತು, ಸಮತಟ್ಟಾದ ದಾರಿಯಲ್ಲಿ 4.8 ಕಿ.ಮೀ. ದೂರವನ್ನು 45 ನಿಮಿಷದೊಳಗೆ ಮುಗಿಸಬೇಕು. ಓಡುವಂತಿಲ್ಲ. ಇದಕ್ಕಿಂತ ಹಗುರವಾದ ಹಂತದಲ್ಲಿ 11.3 ಕೆ.ಜಿ., 3.2 ಕಿ.ಮೀ., 30 ನಿಮಿಷ. ನಮ್ಮವರು ಮೊದಲು ಇದನ್ನೇ ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು.

ಅಭ್ಯಾಸ ಡಿಸೆಂಬರ್‌ನಲ್ಲೇ ಶುರುವಾಗಲಿ. ಮೊದಲ ಎರಡು ವಾರ ಬರಿಗೈಯಲ್ಲಿ ಬಿರುಸು ನಡಿಗೆ, ವಾರಕ್ಕೆ ನಾಲ್ಕು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಮೂರನೇ ವಾರ ಬ್ಯಾಗಿನಲ್ಲಿ 5 ಕೆ.ಜಿ. ಇಡಿ. ವಾರಕ್ಕೆ 2 ಕೆ.ಜಿ.ಯಂತೆ ಏರಿಸಿದರೆ ಆರನೇ ವಾರಕ್ಕೆ 11 ಆಗುತ್ತದೆ. ಭಾರಕ್ಕೆ ಮರಳು, ಕಲ್ಲು ಬೇಡ. ನೀರಿನ ಬಾಟಲಿಗಳನ್ನೇ ತುಂಬಿ. ಆಡುಮಲ್ಲೇಶ್ವರದ ಕಡೆಯಿಂದ ಏರು ಹತ್ತಿದವರು ಮೇಲೆ ಹೋದ ಮೇಲೆ ನೀರನ್ನು ಗಿಡಗಳಿಗೆ ಸುರಿದು ಇಳಿಯಬಹುದು. ಮಂಡಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಬ್ಯಾಗಿನ ಸೊಂಟಪಟ್ಟಿ ಬಿಗಿಯಾಗಿರಲಿ. ಬೆಂಕಿಗೆ ಹೋಗುವಾಗ ಯಾವ ಶೂ ಹಾಕುತ್ತೀರೋ ಅದರಲ್ಲೇ ನಡೆಯಿರಿ, ಹೊಸ ಶೂ ಅವತ್ತೇ ಕಚ್ಚುತ್ತದೆ. ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು ನಡೆಯುವುದು, ಬಸ್ಕಿ ಹೊಡೆಯುವುದು ಇದರ ಜೊತೆಗಿರಲಿ.

ಆಮೇಲೆ ಬಿಸಿಲು. ಮೈ ಅದಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರು ಮೊದಲ ದಿನ ಪೂರ್ಣ ಅವಧಿಯ ಐದನೇ ಒಂದು ಭಾಗ ಮಾತ್ರ ಬಿಸಿಲಲ್ಲಿ ದುಡಿದು, ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಕೆಲಸದ ನಡುವೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಿಕೆಗೆ ಕಾಯಬಾರದು. ಜೊತೆಗಾರ ತೊದಲಿದರೆ, ಏನೇನೋ ಮಾತಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ.

ನಡಿಗೆಯಲ್ಲಿ ಗುರಿ ಮುಟ್ಟದವರನ್ನು ಮನೆಗೆ ಕಳಿಸಬೇಡಿ. ಅಗ್ನಿಶಾಮಕ ವಾಹನಕ್ಕೆ ದಾರಿ ತೋರಿಸಲು, ನೀರು ಸಾಗಿಸಲು, ಕಾಡಿನೊಳಗೆ ಯಾರು ಹೋದರು, ಯಾರು ಮರಳಿದರು ಎಂದು ಬರೆದಿಡಲು ಜನ ಬೇಕೇ ಬೇಕು. ಡೆಂಗಿ, ಚಿಕೂನ್‌ಗುನ್ಯ ಬಂದು ಎದ್ದವರು ವೈದ್ಯರು ಒಪ್ಪಿದ ಮೇಲೆ, ನಡಿಗೆಯನ್ನು ಮತ್ತೆ ಬರಿಗೈಯಿಂದಲೇ ಶುರುಮಾಡಬೇಕು.